ದಾಂಡೇಲಿಯ ನಾಟಾ, ನಮ್ಮ ಮನೆಯ ತೊಲೆ

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಹೂಲಿಯ ಪಂಚಲಿಂಗೇಶ್ವರ ಗುಡಿ, ಕೋಟೆ, ಕೆರೆಗಳ ಬಗ್ಗೆ ತಿಳಿದವರು ಬರೆದಾರು. ನಾವು ಸದಸ್ಯ ಬಾಂಧವರನ್ನು ಧಾರವಾಡ ದಾಟಿಸಿ ದಾಂಡೇಲಿಗೆ ಕರೆದೊಯ್ಯಬೇಕೆಂದಿದ್ದೇವೆ. ನಮ್ಮೂರಲ್ಲಿ ಕಲ್ಲಿಗೆ ಬರವಿಲ್ಲ. ತೊಲೆ, ಕಂಬ, ಚೌಕಟ್ಟಿಗೆ ಬೇಕಾದ ಸಾಗವಾನಿ ಮಾತ್ರ ಹೊರಗಿನಿಂದ ಬರಬೇಕು. ನಮ್ಮ ಕಡೆ ಒಳ್ಳೆ ಕಟಗಿ ಅಂದರೆ ದಾಂಡೇಲಿ ಕಟಗಿ ಅಂತಲೇ ಮಾತು.

ಕಾಳಿ ನದಿ ದಂಡೆಯ ಆ ಊರು ಬೆಳೆದದ್ದೇ ಮರದಿಂದ. ಆಗ ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಎಲ್ಲಾ ಮುಂಬಯಿ ಪ್ರಾಂತದೊಳಗೇ ಇದ್ದವು. 1919ರಲ್ಲಿ ಅಳ್ನಾವರದಿಂದ ದಾಂಡೇಲಿಗೆ ರೈಲು ಹಾಕಿದ್ದು ಮಂದಿ ಓಡಾಡಲಿ ಅಂತಲ್ಲ, ನಾಟಾ ಸಾಗಿಸಲಿಕ್ಕೆ. ಕಾಡಿನಲ್ಲಿ ಕೂಲಿಯವರು ಮರ ಉರುಳಿಸಿದರೆ ಆನೆಗಳು ದಿಮ್ಮಿ ಎಳೆದು ತರುತ್ತಿದ್ದವು; ಡಿಪೋದಲ್ಲಿ ಅಳತೆ, ನಂಬರು, ಆಮೇಲೆ ಲಿಲಾವು. ಸುತ್ತಲಿನ ಸಿದ್ದಿಗಳು, ಗೌಳಿಗರು ಈ ಕಾಡಿನ ಕೂಲಿಗೆ ಹೋಗುತ್ತಿದ್ದರು. ಕಾಡು ಸರಕಾರದ್ದು, ಲಾಭ ವ್ಯಾಪಾರಸ್ಥರದು, ಇವರದು ದಿನಗೂಲಿ ಅಷ್ಟೇ.

1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಸ್ಥಾಪನೆಯಾಯಿತು. ಎಷ್ಟೋ ಮನೆಗಳಿಗೆ ತಿಂಗಳ ಪಗಾರ ಬಂತು, ಅದನ್ನು ಅಲ್ಲಗಳೆಯಬಾರದು. ಆದರೆ ಸರಕಾರ ಮಿಲ್ಲಿಗೆ ಬಿದಿರು ಕೊಟ್ಟ ದರ ಟನ್ನಿಗೆ 1 ರೂಪಾಯಿ 50 ಪೈಸೆ! ಬುಟ್ಟಿ, ಮೊರ ಹೆಣೆಯುವ ಮೇದಾರರು ಅದೇ ಬಿದಿರನ್ನು ಪೇಟೆ ದರಕ್ಕೆ ಕೊಳ್ಳಬೇಕಿತ್ತು. ಒಬ್ಬೊಬ್ಬರೇ ಹೋಗಿ ಕೇಳಿದರೆ ಯಾರು ಕೊಡತಾರೆ? ಸಂಘ ಕಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿದಿರು ತೀರತಾ ಬಂತು. ಹಳ್ಳಿಯವರು ಮತ್ತು ಅವರ ದನಗಳೇ ಕಾರಣ ಅಂದರು ಮೇಲಿನವರು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಬಂದು ನೋಡಿದಾಗ ಬೇರೆಯೇ ಸಂಗತಿ ತಿಳಿಯಿತು. ಮೆಳೆ ಚೆನ್ನಾಗಿ ಬೆಳೆಯಲಿ ಅಂತ ಬುಡದ ಮುಳ್ಳು ಸವರುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಅದು ಹೋದ ಮೇಲೆ ಮುಳ್ಳುಹಂದಿ, ಮಂಗ, ದನ ಎಲ್ಲವಕ್ಕೂ ಕಳಲೆ ಬಾಯಿಗೆ ಸಿಕ್ಕಿತು. ಹಳ್ಳಿಯವರು ಇದನ್ನು ಮೊದಲೇ ಬಲ್ಲವರಾಗಿದ್ದರು. ಕೇಳಿದವರಿರಲಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲಕಣಿಯವರು ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿಯ ಬಿಸಿ ತಾಗಿ ಹಸಿ ಮರ ಕಡಿಯೂದು ಕಡಿಮೆಯಾಯಿತು; 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶವೂ ಬಂತು. ದಾಂಡೇಲಿಯ ಪ್ಲೈವುಡ್ ಕಾರ್ಖಾನೆ ಬಾಗಿಲು ಹಾಕಿತು. 2007ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡು ಉಳಿಯಿತು, ಒಳ್ಳೆಯದೇ. ಮರ ಕಡಿದು ಉಂಡವರ ಮನೆಯವರಿಗೆ ಅದರ ಬದಲು ಏನು ಅಂತ ಯಾರೂ ಸರಿಯಾಗಿ ಲೆಕ್ಕ ಹಾಕಲಿಲ್ಲ. ಈಗ ಅಲ್ಲಿಗೆ ಮಂದಿ ಹೋಗೂದು ಕಾಳಿ ನದಿಯಲ್ಲಿ ರಬ್ಬರ್ ದೋಣಿ ಏರಲಿಕ್ಕೆ.

ಪೇಪರ್ ಮಿಲ್ಲು ಇಂದಿಗೂ ನಡೆದಿದೆ. ಕಾಡಿನ ಬಿದಿರಿನ ಕಾಲ ಮುಗಿದು, ಈಗ ಅದು ರೈತರು ಹೊಲದಲ್ಲಿ ಬೆಳೆದ ಸುಬಾಬುಲ್, ಗಾಳಿಮರ ಕೊಳ್ಳುತ್ತದೆ. ಟನ್ನಿಗೆ ದರ ಎಷ್ಟು ಅಂತ ಈಗ ಮೊದಲು ಕೇಳುವವ ರೈತ.