ಮೂರನೆಯ ಚಕ್ರ ಮತ್ತು ಹಿಂದೆ ಕೂತವರ ಸುಖ

ಮಂಗಳೂರಿನ ಬಿಜೈಯಲ್ಲಿರುವ ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ಬೆಂಗಳೂರಿನ ರಾತ್ರಿ ಬಸ್ಸು ಬಂದು ನಿಂತಾಗ ಇಳಿದವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಕರೆದೊಯ್ಯಲು ಬಂದ ಮಗನದೋ ಅಳಿಯನದೋ ಬೈಕಿನ ಹಿಂದೆ ಕೂರುವುದು ಒಂದು. ಹೊರಗೆ ನಿಂತ ರಿಕ್ಷಾ ಹತ್ತುವುದು ಇನ್ನೊಂದು. ವಯಸ್ಸಾದವರು, ಬೆನ್ನುನೋವಿನವರು, ಮಗುವನ್ನು ಎತ್ತಿಕೊಂಡವರು ಹೆಚ್ಚು ಯೋಚಿಸದೆ ರಿಕ್ಷಾದ ಕಡೆಗೇ ಹೆಜ್ಜೆ ಹಾಕುತ್ತಾರೆ. ಎರಡು ಚಕ್ರಕ್ಕಿಂತ ಮೂರು ಚಕ್ರ ಸುಖ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಆದರೆ ಅದೇ ರಿಕ್ಷಾ ತಿರುವಿನಲ್ಲಿ ಸರ್ರನೆ ತಿರುಗಿದಾಗ ಒಳಗಿದ್ದವರು ಒಬ್ಬರ ಮೇಲೊಬ್ಬರು ವಾಲುತ್ತಾರೆ. ಬೈಕಿನಲ್ಲಿ ಹೋಗುವಾಗ ಅದೇ ತಿರುವು ಬಂದುಹೋದದ್ದೇ ಗೊತ್ತಾಗುವುದಿಲ್ಲ. ಒಂದು ಚಕ್ರ ಹೆಚ್ಚಾದರೆ ಸುಖವೂ ಅಷ್ಟು ಹೆಚ್ಚಬೇಕಿತ್ತಲ್ಲವೇ?

ಈ ಪ್ರಶ್ನೆಗೆ ಮೋಟಾರು ವಾಹನದಷ್ಟೇ ವಯಸ್ಸಾಗಿದೆ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಝ್ ಪೇಟೆಂಟ್ ಪಡೆದ ವಾಹನಕ್ಕೆ ಇದ್ದದ್ದು ಮೂರೇ ಚಕ್ರ. 1888ರಲ್ಲಿ ಆತನ ಹೆಂಡತಿ ಬರ್ತಾ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರಿಗೆ, 100 ಕಿಲೋಮೀಟರಿಗೂ ಮಿಕ್ಕಿದ ದೂರ, ಅದೇ ಬಗೆಯ ಗಾಡಿಯಲ್ಲಿ ಹೋಗಿಬಂದಳು. ಏರು ಬಂದಲ್ಲಿ ಇಳಿದು ತಳ್ಳಬೇಕಾಯಿತು. ಮೋಟಾರು ವಾಹನದಲ್ಲಿ ಮೊದಲ ದೂರಪ್ರಯಾಣ ಮಾಡಿದ ಪ್ರಯಾಣಿಕರ ಸುಖ ಇಷ್ಟರದ್ದು.

ಮೋಟಾರು ಸೈಕಲ್ ಹುಟ್ಟಿದ್ದು ಒಬ್ಬನಿಗಾಗಿ. ಅದರ ಮೇಲೆ ಇನ್ನೊಬ್ಬರನ್ನು ಎಲ್ಲಿ ಕೂರಿಸುವುದು ಎಂಬ ಯೋಚನೆ ಬಂದದ್ದು ಆಮೇಲೆ. 1900ರ ಆಸುಪಾಸಿನಲ್ಲಿ ಯುರೋಪಿನ ತಯಾರಕರು ಈ ಇನ್ನೊಬ್ಬರನ್ನು ಹಿಂದೆ, ಮುಂದೆ, ಪಕ್ಕದಲ್ಲಿ ಹೀಗೆ ಎಲ್ಲ ಕಡೆ ಇಟ್ಟುನೋಡಿದರು. ಮೊದಲು ಬೈಕಿನ ಹಿಂದೆ ಕುರ್ಚಿಯಂಥ ಪುಟ್ಟ ಗಾಡಿಯನ್ನು ಕೊಂಡಿ ಹಾಕಿ ಎಳೆದರು. ಅದರಲ್ಲಿ ಕೂತವರಿಗೆ ಮುಂದಿನ ಚಕ್ರಗಳ ಧೂಳು, ಎಂಜಿನ್ನಿನ ಹೊಗೆ ಎರಡೂ ನೇರ ಮುಖಕ್ಕೆ. ಕೊಂಡಿ ಕಳಚಿಕೊಂಡರೆ ಸವಾರನಿಗೆ ತಿಳಿಯುವುದೂ ಕಷ್ಟ. ಬಳಿಕ ಮುಂಭಾಗಕ್ಕೆ ಎರಡು ಚಕ್ರ ಜೋಡಿಸಿ ಅವುಗಳ ನಡುವೆ ಆಸನ ಇಟ್ಟರು. ಧೂಳು ತಪ್ಪಿತು, ನೋಟವೂ ಚೆನ್ನಾಗಿತ್ತು. ಆದರೆ ಎದುರಿನಿಂದ ಏನಾದರೂ ಬಂದು ಬಡಿದರೆ ಮೊದಲ ಏಟು ಪ್ರಯಾಣಿಕನಿಗೆ. ಗಂಡ ಓಡಿಸುವುದು, ಹೆಂಡತಿ ಗುರಾಣಿಯಾಗುವುದು! ಕೊನೆಗೆ ಪಕ್ಕದಲ್ಲೊಂದು ಚಕ್ರವಿಟ್ಟು ಅದರ ಮೇಲೆ ತೊಟ್ಟಿಲಿನಂಥ ಆಸನ ಕಟ್ಟಿದರು. ಇದೇ ಸೈಡ್ ಕಾರ್. 1903ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾಣಿಸಿಕೊಂಡ ಈ ಜೋಡಣೆ ಉಳಿದೆರಡನ್ನೂ ಬದಿಗೆ ಸರಿಸಿತು.

ನಮ್ಮವರಿಗೆ ಸೈಡ್ ಕಾರ್ ಎಂದೊಡನೆ ನೆನಪಾಗುವುದು ‘ಶೋಲೆ’. ಬಹುಪಾಲು ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಸೈಡ್ ಕಾರ್ ಬೈಕಿನಿಂದ ಕಳಚಿಕೊಂಡು ತನ್ನಷ್ಟಕ್ಕೇ ಓಡಿ ಮತ್ತೆ ಬಂದು ಸೇರಿಕೊಳ್ಳುತ್ತದೆ. ತೆರೆಯ ಮೇಲೆ ಅದು ತಮಾಷೆ. ನಿಜದಲ್ಲಿ ಸೈಡ್ ಕಾರಿನ ತೊಂದರೆ ಬೇರೆ ತೆರನದ್ದು. ಅದು ಇರುವ ಬದಿಗೆ ವೇಗವಾಗಿ ತಿರುಗಿದರೆ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಒಳಗೆ ಒಬ್ಬರು ಕೂತಿದ್ದರೆ ಆ ಭಾರಕ್ಕೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಅಂದರೆ ಅಲ್ಲಿ ಪ್ರಯಾಣಿಕ ತೂಕದ ಕಲ್ಲು. 1923ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಸ್ಪರ್ಧೆಗೆ ಸೈಡ್ ಕಾರ್ ವಿಭಾಗವೂ ಸೇರಿತು. ಅಂಥ ಸ್ಪರ್ಧೆಗಳಲ್ಲಿ ಪ್ರಯಾಣಿಕ ತಿರುವು ತಿರುವಿಗೂ ನೆಲಕ್ಕೆ ತಾಗುವಷ್ಟು ಹೊರಗೆ ಬಾಗಿ ಗಾಡಿಯನ್ನು ಹಿಡಿದಿಡುತ್ತಾನೆ. ಸುಖಾಸನ ಎಂದು ಹುಟ್ಟಿದ್ದು ಕಸರತ್ತಿನ ಜಾಗವಾಯಿತು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮೋಟಾರು ಸೈಕಲ್ ಎಂದರೆ ಎರಡು ಚಕ್ರದ ವಾಹನ. ಕಳಚಿಡಬಹುದಾದ ಸೈಡ್ ಕಾರಿನ ಹೆಚ್ಚಿನ ಚಕ್ರವೂ ಅದರೊಳಗೇ ಸೇರಿತು. ಕಾನೂನಿನ ಕಣ್ಣಿಗೆ ಆ ಮೂರನೆಯ ಚಕ್ರ ಇದ್ದೂ ಇಲ್ಲದ್ದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕತೆ ನಮ್ಮ ಕಡೆಗೆ ತಿರುಗುತ್ತದೆ. ಯುದ್ಧಕ್ಕೆಂದು ಬಂದ ಅಮೆರಿಕದ ಹಾರ್ಲೆ ಡೇವಿಡ್‌ಸನ್ ಬೈಕುಗಳು ದಿಲ್ಲಿಯಲ್ಲಿ ಅಗ್ಗಕ್ಕೆ ಸಿಕ್ಕಿದವು. ಅಲ್ಲಿಯ ಮೆಕ್ಯಾನಿಕ್ಕುಗಳು ಅವುಗಳ ಹಿಂದಿನ ಅರ್ಧವನ್ನು ತೆಗೆದು ಎರಡು ಚಕ್ರದ ಡಬ್ಬಿ ಕೂರಿಸಿ ಬಾಡಿಗೆಗೆ ಓಡಿಸಿದರು. ಸದ್ದಿನಿಂದಲೇ ಅವಕ್ಕೆ ‘ಫಟ್‌ಫಟಿ’ ಎಂಬ ಹೆಸರು ಬಂತು. ಮೋಟಾರು ಸೈಕಲನ್ನು ಅಕ್ಷರಶಃ ಮೂರು ಚಕ್ರಕ್ಕೆ ಬದಲಿಸಿದ ಈ ಗಾಡಿಗಳು ಆರಾರು ಮಂದಿಯನ್ನೂ ಅದಕ್ಕಿಂತ ಹೆಚ್ಚಿನವರನ್ನೂ ಹೇರಿಕೊಂಡು ಹಳೆ ದಿಲ್ಲಿಯಲ್ಲಿ ಓಡಾಡಿದವು. 1990ರ ದಶಕದ ಕೊನೆಯಲ್ಲಿ ಹೊಗೆಯ ಕಾರಣಕ್ಕೆ ಅವನ್ನು ರಸ್ತೆಯಿಂದ ತೆಗೆಯಲಾಯಿತು. ಸೌರಾಷ್ಟ್ರದ ಹಳ್ಳಿಗಳಲ್ಲಿ ಎನ್‌ಫೀಲ್ಡ್ ಬುಲೆಟ್ಟಿನ ಮುಂಭಾಗಕ್ಕೆ ಗಾಡಿ ಕಟ್ಟಿದ ‘ಛಕಡೋ’ ಕೂಡ ಇದೇ ಸಂತಾನ.

ನಾವು ಕಾಣುವ ರಿಕ್ಷಾದ ವಂಶ ಇನ್ನೊಂದು. ಇಟಲಿಯಲ್ಲಿ ವಿಮಾನದ ಎಂಜಿನಿಯರ್ ಆಗಿದ್ದ ಕೊರ್ರಾದಿನೊ ದಾಸ್ಕಾನಿಯೊ 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ. ಎರಡೇ ವರ್ಷದಲ್ಲಿ ಅದರ ಹಿಂದೆ ಎರಡು ಚಕ್ರವಿಟ್ಟು ‘ಆಪೆ’ ಎಂಬ ಸರಕಿನ ಗಾಡಿ ಮಾಡಿದ. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ದುಡಿಯುವ ಜೇನು. ಬಜಾಜ್ ಕಂಪೆನಿಗೆ 1959ರಲ್ಲಿ ಎರಡು ಮತ್ತು ಮೂರು ಚಕ್ರದ ವಾಹನಗಳನ್ನು ಇಲ್ಲಿಯೇ ತಯಾರಿಸಲು ಸರಕಾರದ ಪರವಾನಗಿ ದೊರೆಯಿತು. ಹೀಗೆ ಯುದ್ಧದಿಂದ ಜರ್ಜರಿತವಾದ ಇಟಲಿಯಲ್ಲಿ ತರಕಾರಿ, ಇಟ್ಟಿಗೆ ಹೊರಲು ಹುಟ್ಟಿದ ಚೌಕಟ್ಟಿನ ಮೇಲೆ ನಮ್ಮ ಮೂವರು ಪ್ರಯಾಣಿಕರು ಕೂತರು. ಇದನ್ನು ಹಗುರ ಮಾಡಿ ಹೇಳುತ್ತಿಲ್ಲ. ಸರಕಿಗೆ ಬೆನ್ನುನೋವಿಲ್ಲ ಎಂಬುದು ಆ ಚೌಕಟ್ಟಿನ ಹುಟ್ಟುಗುಣ. 1977ರಲ್ಲಿ ಬಜಾಜ್ ಎಂಜಿನ್ನನ್ನು ಹಿಂದಕ್ಕೆ ಸರಿಸಿದ ರಿಕ್ಷಾ ತಂದಾಗ ಚಾಲಕನ ಕಾಲಬುಡದ ಬಿಸಿ, ಸದ್ದು ಕಡಿಮೆಯಾದವು. ಅವು ಹೋದದ್ದು ಪ್ರಯಾಣಿಕನ ಬೆನ್ನ ಹಿಂದಕ್ಕೆ.

ಇನ್ನು ಮೈಗೆ ಆಗುವುದೇನು ಎಂಬುದಕ್ಕೆ ಬರೋಣ. ಬೈಕು ತಿರುಗುವಾಗ ಒಳಮಗ್ಗುಲಿಗೆ ವಾಲುತ್ತದೆ. ಸವಾರ ಬೇಕೆಂದು ಮಾಡುವ ಆಟವಲ್ಲ ಅದು. ವಾಲದೆ ಎರಡು ಚಕ್ರ ತಿರುಗಲಾರದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವಿಗೆ ಹೋದರೆ ಬೈಕು ಸುಮಾರು 20 ಡಿಗ್ರಿ ವಾಲಬೇಕಾಗುತ್ತದೆ. ಹಿಂದೆ ಕೂತವರೂ ಅದರ ಜತೆ ವಾಲುವುದರಿಂದ ಅವರ ಭಾರವೆಲ್ಲ ನೇರವಾಗಿ ಸೀಟಿಗೇ ಒತ್ತುತ್ತದೆ. ಕಣ್ಣು ಮುಚ್ಚಿಕೊಂಡರೆ ಮೈ ತುಸು ಭಾರವಾದಂತೆ ಅನ್ನಿಸೀತೇ ಹೊರತು ಪಕ್ಕಕ್ಕೆ ಎಳೆದಂತೆ ಅಲ್ಲ. ರಿಕ್ಷಾ ವಾಲಲಾರದು. ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ 60 ಕಿಲೋ ತೂಕದವರನ್ನು 20 ಕಿಲೋ ತೂಕದಷ್ಟು ಬಲ ಹೊರಮಗ್ಗುಲಿಗೆ ನೂಕುತ್ತದೆ. ತುಂಬಿದ ಗ್ಯಾಸ್ ಸಿಲಿಂಡರಿನ ಮೂರನೇ ಎರಡು ಪಾಲಿನಷ್ಟು ಭಾರ ಹೆಗಲಿಗೆ ಒರಗಿದಂತೆ! ಅದನ್ನು ತಡೆಯಬೇಕಾದ್ದು ಸೊಂಟ, ತೋಳು, ಮುಂದಿನ ಕಂಬಿ ಹಿಡಿದ ಕೈ. ಮೂರನೆಯ ಚಕ್ರ ಪ್ರಯಾಣಿಕರಿಂದ ಸಮತೋಲದ ಚಿಂತೆಯನ್ನು ಕಿತ್ತುಕೊಂಡಿತು, ಬದಲಿಗೆ ಪಕ್ಕಕ್ಕೆ ನೂಕಿಸಿಕೊಳ್ಳುವ ಕೆಲಸವನ್ನು ಕೊಟ್ಟಿತು. ಬೈಕಿನಲ್ಲಿ ವರ್ಷಗಟ್ಟಲೆ ಹಿಂದೆ ಕೂತು ರೂಢಿಯಾದವರು ಮೂರು ಚಕ್ರಕ್ಕೆ ಬಂದಾಗ ತಿರುವಿನಲ್ಲಿ ‘ಮಗುಚಿತು’ ಎಂದು ಗಾಬರಿಪಡುವುದು ಇದಕ್ಕೇ. ಮೈ ಕಲಿತದ್ದು ಒಂದು, ಗಾಡಿ ಮಾಡುವುದು ಇನ್ನೊಂದು.

ಮಂಗಳೂರಿನಂಥ ಊರಿನಲ್ಲಿ ಇದು ಇನ್ನಷ್ಟು ತಟ್ಟುತ್ತದೆ. ಮುರಕಲ್ಲಿನ ಗುಡ್ಡೆಗಳ ಮೇಲೆ ಬೆಳೆದ ಊರು ಇದು. ಬಿಜೈಯಿಂದ ಕದ್ರಿಯ ಕಡೆಗೆ ಏರು, ಒಳದಾರಿಗಳಲ್ಲಿ ತಿರುವು, ಮನೆಯ ಗೇಟಿನ ಬಳಿ ಓರೆ ಇಳಿಜಾರು. ರಸ್ತೆ ಒಂದು ಬದಿಗೆ ಓರೆಯಾಗಿದ್ದರೂ ಬೈಕು ನೆಟ್ಟಗೇ ನಿಲ್ಲುತ್ತದೆ. ಮೂರು ಚಕ್ರದ ಗಾಡಿ ರಸ್ತೆಯ ಓರೆಯನ್ನೇ ತನ್ನದಾಗಿಸಿಕೊಂಡು ಕೂತವರನ್ನೂ ಓರೆ ಮಾಡುತ್ತದೆ. ಹೊಂಡಗಳ ಲೆಕ್ಕವೂ ಹೀಗೆಯೇ. ಬೈಕಿನ ಎರಡು ಚಕ್ರಕ್ಕೆ ಒಂದೇ ಜಾಡು, ಹಾಗಾಗಿ ಹೊಂಡ ತಪ್ಪಿಸಬಹುದು. ರಿಕ್ಷಾಕ್ಕೆ ಮೂರು ಜಾಡು; ಮುಂದಿನ ಚಕ್ರ ತಪ್ಪಿಸಿಕೊಂಡದ್ದನ್ನು ಹಿಂದಿನ ಎರಡರಲ್ಲೊಂದು ಹುಡುಕಿಕೊಳ್ಳುತ್ತದೆ. ಆಗ ಗಾಡಿ ಕುಣಿಯುವುದು ಮೇಲೆ ಕೆಳಗೆ ಮಾತ್ರವಲ್ಲ, ಎಡಕ್ಕೆ ಬಲಕ್ಕೆ ಕೂಡ. ಕಾಂಕ್ರೀಟ್ ರಸ್ತೆಯ ಅಂಚಿನಿಂದ ಒಂದು ಹಿಂಚಕ್ರ ಕೆಳಗಿಳಿದಾಗ ತಲೆ ಮೇಲಿನ ಕಂಬಿಗೆ ತಾಗುವುದು ಈ ಅಡ್ಡಕುಣಿತದಿಂದ.

ಇಷ್ಟಾದರೂ ರಿಕ್ಷಾವನ್ನು ಜನ ಸುಖದ ವಾಹನವೆಂದು ಒಪ್ಪಿಕೊಂಡದ್ದೇಕೆ? ಉತ್ತರಕ್ಕೆ ಬೈಕಿನ ಹಿಂದಿನ ಸೀಟನ್ನು ನೋಡಬೇಕು. 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಬಳಿಕ ಅಲ್ಲಿಂದಲೇ ಬಂದ ಯೆಜ್ಡಿ, 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರುವ ಮೊಪೆಡ್ ಎಂದು ಬಂದ ಟಿವಿಎಸ್ 50, ಇವೆಲ್ಲ ನಮ್ಮ ಮಧ್ಯಮವರ್ಗದ ಸಂಸಾರರಥಗಳು. ಅವುಗಳ ಹಿಂದೆ ಸೀರೆಯುಟ್ಟ ಹೆಂಗಸು ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ಸೊಂಟ ತಿರುಚಿ, ಒಂದು ಕೈಯಲ್ಲಿ ಗಂಡನ ಹೆಗಲನ್ನೂ ಇನ್ನೊಂದರಲ್ಲಿ ಚೀಲವನ್ನೋ ಮಗುವನ್ನೋ ಹಿಡಿದು ಕೂರುತ್ತಿದ್ದಳು, ಈಗಲೂ ಕೂರುತ್ತಾಳೆ. ಸೆರಗು ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತಗಳನ್ನು ತಡೆಯಲು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕೆಂದು ವಿಧಿಸಿದವು. ಕರ್ನಾಟಕದಲ್ಲಿ ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಕಡ್ಡಾಯವಾಗಿ ಜಾರಿಗೆ ಬಂದದ್ದು 2016ರಲ್ಲಿ. ಮುಂದೆ ಕೂತವನನ್ನು ನೋಡಿಕೊಂಡ ಎಷ್ಟೋ ಕಾಲದ ಮೇಲೆ ಹಿಂದೆ ಕೂತವರ ಸರದಿ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರಿಕ್ಷಾದಲ್ಲಿ ಆಕೆ ಮುಖ ಮುಂದೆ ಮಾಡಿ ಕೂತಳು. ಯಾರ ಹೆಗಲನ್ನೂ ಹಿಡಿಯಬೇಕಿಲ್ಲ, ಬಂದು ಕರೆದೊಯ್ಯಲು ಯಾರನ್ನೂ ಕಾಯಬೇಕಿಲ್ಲ. ತುಂಬುಬಸುರಿ, ಪ್ಲಾಸ್ಟರ್ ಹಾಕಿದ ಕಾಲಿನವರು, ಉಬ್ಬಸದ ಅಜ್ಜ ಎಲ್ಲರಿಗೂ ಆಸ್ಪತ್ರೆಯ ದಾರಿ ಹತ್ತಿರವಾಯಿತು. ಮಳೆಯ ಮಾತಂತೂ ಹೇಳುವುದೇ ಬೇಡ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಕರಾವಳಿಯಲ್ಲಿ ಪಕ್ಕಕ್ಕೆ ಇಳಿಬಿಟ್ಟ ಒಂದು ಟರ್ಪಾಲು ಎಷ್ಟು ದೊಡ್ಡ ಸುಖ ಎಂಬುದು ಆಷಾಢದಲ್ಲಿ ಬೈಕಿನ ಹಿಂದೆ ಕೊಡೆ ಹಿಡಿಯಲು ಹೋದವರಿಗೆ ಗೊತ್ತು. ತಿರುವಿನ ನೂಕಾಟವನ್ನು ಜನ ಸಹಿಸಿದ್ದು ಇವೆಲ್ಲವುಗಳ ಬೆಲೆಯಾಗಿ.

ಈಚಿನ ವರ್ಷಗಳಲ್ಲಿ ಈ ಬದಲಾವಣೆ ಇನ್ನೊಂದು ರೂಪದಲ್ಲಿ ಮನೆಯಂಗಳಕ್ಕೇ ಬಂದಿದೆ. ಕಾಲಿನ ಶಕ್ತಿ ಕಡಿಮೆಯಾದವರು ತಮ್ಮ ಸ್ಕೂಟರಿನ ಹಿಂಚಕ್ರದ ಎರಡೂ ಬದಿಗೆ ಚಿಕ್ಕ ಚಕ್ರ ಜೋಡಿಸಿಕೊಳ್ಳುತ್ತಾರೆ. ಎಣಿಸಿದರೆ ನಾಲ್ಕು ಚಕ್ರ, ನಡೆ ಮಾತ್ರ ಮೂರು ಚಕ್ರದ್ದೇ. ತಯಾರಕರ ವಿನ್ಯಾಸವನ್ನು ಬದಲಿಸಬಾರದೆಂಬ ಕಾಯಿದೆಯೂ ಅಂಗವಿಕಲರ ಅನುಕೂಲಕ್ಕೆ ಮಾಡುವ ಇಂಥ ಮಾರ್ಪಾಡಿಗೆ ಅವಕಾಶ ಕೊಡುತ್ತದೆ. ಸ್ವತಂತ್ರವಾಗಿ ಓಡಾಡಲು ಇದು ಕೊಟ್ಟ ಬಲ ಸಣ್ಣದಲ್ಲ. ಆದರೆ ಇಲ್ಲಿಯೂ ಮರೆತುಹೋದವರು ಹಿಂದೆ ಕೂತವರೇ. ಹತ್ತುವಾಗ ಗಾಡಿ ಅಲುಗದು, ನಿಂತಾಗ ವಾಲದು, ಅದು ನಿಜ. ಹೊರಟ ಮೇಲೆ ಸ್ಕೂಟರು ವಾಲದೆ ತಿರುಗುತ್ತದೆ. ಹಿಂದೆ ಕೂತವರಿಗೋ ರಿಕ್ಷಾದ ಗೋಡೆಯೂ ಇಲ್ಲ, ಒರಗೂ ಇಲ್ಲ. ಎರಡು ಚಕ್ರಕ್ಕೆಂದು ಮಾಡಿದ ಅದೇ ಚಪ್ಪಟೆ ಸೀಟು. ಇಂಥ ಸ್ಕೂಟರಿಗೆ ಬೆನ್ನಿಗೊಂದು ಒರಗು, ಎರಡು ಬದಿಗೆ ಕೈಯೂರಲು ಗಟ್ಟಿ ಹಿಡಿಕೆ ಹಾಕಿಸುವುದು ಚಕ್ರ ಹಾಕಿಸಿದಷ್ಟೇ ಮುಖ್ಯ ಎಂದು ನನಗನ್ನಿಸುತ್ತದೆ. ಅಮೆರಿಕದ ಹಾರ್ಲೆಯವರು 1932ರಿಂದ ನಾಲ್ಕು ದಶಕ ಮೂರು ಚಕ್ರದ ‘ಸರ್ವಿ ಕಾರ್’ ಮಾಡಿದರೂ ಅದು ಪೊಲೀಸರ, ಗ್ಯಾರೇಜಿನವರ ದುಡಿಮೆಯ ಗಾಡಿಯಾಗಿತ್ತು. 2009ರ ಮಾದರಿಯಾಗಿ ಪ್ರವಾಸಕ್ಕೆಂದೇ ಮೂರು ಚಕ್ರದ ಬೈಕು ತಂದಾಗ ಹಿಂದಿನ ಸೀಟಿಗೆ ಒರಗು ಕೊಟ್ಟರು. ಇಟಲಿಯ ಪಿಯಾಜಿಯೊ 2006ರಲ್ಲಿ ಮುಂದೆ ಎರಡು ಚಕ್ರವಿದ್ದೂ ಬೈಕಿನಂತೆ ವಾಲುವ ಸ್ಕೂಟರನ್ನೇ ಮಾಡಿತು. ಅದು ದುಬಾರಿ, ನಮ್ಮ ಬೀದಿಗೆ ದೂರದ ಮಾತು.

ನಮ್ಮ ಮನೆಗಳಲ್ಲಿ ಮಾತ್ರ ಪುಸ್ತಕ ನೋಡದೆಯೇ ಒಂದು ಉಪಾಯ ಬೆಳೆದಿದೆ. ರಿಕ್ಷಾದಲ್ಲಿ ಅಜ್ಜಿಯನ್ನು ನಡುವೆ ಕೂರಿಸಿ ಉಳಿದಿಬ್ಬರು ಆಚೆ ಈಚೆ ಕೂರುತ್ತಾರೆ. ಹಿಂದಿನ ಒಂದು ಚಕ್ರ 6 ಸೆಂಟಿಮೀಟರ್ ಆಳದ ಹೊಂಡಕ್ಕೆ ಇಳಿದರೆ ಆ ಚಕ್ರದ ಮೇಲೆ ಕೂತವರು ಹೆಚ್ಚುಕಡಿಮೆ ಅಷ್ಟೂ ಇಳಿಯುತ್ತಾರೆ. ನಡುವೆ ಕೂತ ಅಜ್ಜಿ ಇಳಿಯುವುದು ಅದರ ಅರ್ಧ, 3 ಸೆಂಟಿಮೀಟರ್. ತಿರುವಿನಲ್ಲಿ ಎರಡು ಬದಿಗೂ ಮೆತ್ತನೆಯ ಗೋಡೆಯಾಗಿ ಮೊಮ್ಮಕ್ಕಳಿರುತ್ತಾರೆ. ಅಜ್ಜಿ ಒಬ್ಬಳೇ ಹೊರಟ ದಿನ ನಡುವೆ ಕೂತು ಚಾಲಕನ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ಸ್ವಲ್ಪ ನಿಧಾನ ಮಾರಾಯಾ’ ಎನ್ನುತ್ತಾಳೆ. ಅದೂ ಲೆಕ್ಕದಲ್ಲಿ ಸರಿಯೇ: ವೇಗ ಅರ್ಧಕ್ಕಿಳಿದರೆ ತಿರುವಿನ ನೂಕು ಕಾಲುಭಾಗಕ್ಕೆ ಇಳಿಯುತ್ತದೆ.