ಸ್ಟ್ರಾಟೋಕ್ಯಾಸ್ಟರ್

ಅಮೆರಿಕದ ಲಿಯೋ ಫೆಂಡರ್ ಅವರ ಸಂಸ್ಥೆಯು 1954ರಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಗಿಟಾರಿನ ಹೆಸರಾದ ಈ ಪದದ ಪೂರ್ವಾರ್ಧವು ವಾಯುಮಂಡಲದ ಮೇಲಿನ ಸ್ತರವಾದ ‘ಸ್ಟ್ರಾಟೋಸ್ಫಿಯರ್’ ಅನ್ನು ನೆನಪಿಸುತ್ತದೆ. ಜೆಟ್ ವಿಮಾನಗಳ ಆ ಕಾಲಕ್ಕೆ ಆಕಾಶದ ಎತ್ತರವೇ ಆಧುನಿಕತೆಯ ಗುರುತಾಗಿತ್ತು. ಉತ್ತರಾರ್ಧದ ಚರಿತ್ರೆ ಇನ್ನೂ ಸ್ವಾರಸ್ಯಕರವಾದುದು: ಬಾನುಲಿ ಪ್ರಸಾರವನ್ನು ಧ್ವನಿಸುವ ‘ಬ್ರಾಡ್‌ಕ್ಯಾಸ್ಟರ್’ ಎಂಬ ಹೆಸರನ್ನು 1950ರಲ್ಲಿ ಪಡೆದಿದ್ದ ಇದೇ ಸಂಸ್ಥೆಯ ಹಿಂದಿನ ಗಿಟಾರು, ಗ್ರೆಚ್ ಸಂಸ್ಥೆಯ ಡ್ರಮ್ಮುಗಳಿಗೂ ಅದೇ ಉಚ್ಚಾರದ ಹೆಸರಿದ್ದುದರಿಂದ ಆಕ್ಷೇಪಕ್ಕೆ ಗುರಿಯಾಗಿ, ಕೆಲಕಾಲ ಮಾದರಿಯ ಹೆಸರೇ ಇಲ್ಲದೆ ಮಾರಾಟವಾಗಿ, ಕೊನೆಗೆ ಟೆಲಿವಿಷನ್ನಿನ ಛಾಯೆಯುಳ್ಳ ‘ಟೆಲಿಕ್ಯಾಸ್ಟರ್’ ಆಯಿತು. ಹೀಗೆ, ಬೀಜವನ್ನು ಎರಚಿ ಬಿತ್ತುವ ಅರ್ಥದಿಂದ ಪ್ರಸಾರದ ಅರ್ಥಕ್ಕೆ ಬಂದಿದ್ದ ಶಬ್ದದ ಒಂದು ತುಂಡು ಗಿಟಾರುಗಳ ಮನೆತನದ ಹೆಸರಾಗಿ ನಿಂತಿತು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದ್ದು ಸ್ಟ್ರಾಟೋಕ್ಯಾಸ್ಟರ್‌ನಲ್ಲಿಯೇ. ವಾದಕರ ಬಾಯಲ್ಲಿ ‘ಸ್ಟ್ರಾಟ್’ ಎಂದು ಮೊಟಕಾದ ಪದವು ಇಂದು ಅದೇ ಆಕಾರದ ಇತರ ತಯಾರಕರ ಗಿಟಾರುಗಳಿಗೂ ಸಲ್ಲುತ್ತದೆ.