ರಂಗಭೂಮಿ, ರಾಜಕೀಯ ಪ್ರತಿರೋಧ ಮತ್ತು 1876ರ ನಾಟಕ ಪ್ರದರ್ಶನ ಕಾಯಿದೆ

ಅಕ್ಷರ ಬಾರದವರನ್ನೂ ಒಟ್ಟುಗೂಡಿಸುವ ಶಕ್ತಿ ನಾಟಕಕ್ಕಿದ್ದುದರಿಂದ ಬ್ರಿಟಿಷ್ ಸರ್ಕಾರವು ರಂಗಭೂಮಿಯನ್ನು ವಿಶೇಷ ಶಂಕೆಯಿಂದ ಕಂಡಿತು. ಈ ಶಂಕೆ ಕಾನೂನಿನ ರೂಪ ತಾಳಿದ್ದು ಕಲ್ಕತ್ತೆಯಲ್ಲಿ. ನೀಲಿ ಬೆಳೆಯ ತೋಟಗಾರರ ದೌರ್ಜನ್ಯವನ್ನು ಚಿತ್ರಿಸಿದ ದೀನಬಂಧು ಮಿತ್ರರ 'ನೀಲದರ್ಪಣ' (1860) ನಾಟಕದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದುದಕ್ಕಾಗಿ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಸೆರೆವಾಸ ಅನುಭವಿಸಿದರು. 1872ರಲ್ಲಿ ಅದೇ ನಾಟಕದಿಂದ ನ್ಯಾಷನಲ್ ಥಿಯೇಟರ್ ತನ್ನ ಸಾರ್ವಜನಿಕ ಪ್ರದರ್ಶನಗಳನ್ನು ಆರಂಭಿಸಿತು.

ವೇಲ್ಸ್ ರಾಜಕುಮಾರನನ್ನು ತಮ್ಮ ಮನೆಯ ಅಂತಃಪುರಕ್ಕೆ ಆಹ್ವಾನಿಸಿದ್ದ ವಕೀಲ ಜಗದಾನಂದ ಮುಖರ್ಜಿಯವರನ್ನು ಗೇಲಿ ಮಾಡಿದ 'ಗಜದಾನಂದ' ಪ್ರಹಸನವು 1876ರ ಫೆಬ್ರವರಿಯಲ್ಲಿ ಪ್ರದರ್ಶನಗೊಂಡಿತು. ಅದೇ ತಿಂಗಳ 29ರಂದು ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದರು. ವರ್ಷಾಂತ್ಯಕ್ಕೆ ಅದು ಕಾಯಿದೆಯಾಯಿತು. ಮಾನಹಾನಿಕರವಾದ, ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸಬಹುದಾದ ಅಥವಾ ಪ್ರೇಕ್ಷಕರ ನಡತೆ ಕೆಡಿಸಬಹುದಾದ ಪ್ರದರ್ಶನಗಳನ್ನು ಅದರಡಿ ನಿಷೇಧಿಸಬಹುದಿತ್ತು. ಆಜ್ಞೆ ಮೀರಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ವಿಧಿಸಲು ಅವಕಾಶವಿತ್ತು.

ನೇರ ಮಾತಿಗೆ ತಡೆಯೊಡ್ಡಿದಾಗ ನಾಟಕಕಾರರು ಪುರಾಣದ ಮರೆ ಹೊಕ್ಕರು. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ಮರಾಠಿ ನಾಟಕ 'ಕೀಚಕವಧ' (1907) ಇದಕ್ಕೆ ಪ್ರಮುಖ ನಿದರ್ಶನ. ಅದರ ಕಥೆ ಮಹಾಭಾರತದ ವಿರಾಟಪರ್ವದ್ದು. ಆದರೆ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್‌ರನ್ನೂ ದ್ರೌಪದಿಯಲ್ಲಿ ಭಾರತವನ್ನೂ ಕಂಡರು. ಧರ್ಮರಾಯನಲ್ಲಿ ಮಂದಗಾಮಿಗಳು, ಭೀಮನಲ್ಲಿ ತೀವ್ರಗಾಮಿಗಳು ಅವರಿಗೆ ಕಾಣಿಸಿದರು. ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವ್ಯಾಲೆಂಟೈನ್ ಚಿರೋಲ್ ಕೂಡ ಈ ಸಾಂಕೇತಿಕತೆಯನ್ನು ವಿವರಿಸಿದರು. 1910ರಲ್ಲಿ ನಾಟಕಕ್ಕೆ ನಿಷೇಧ ಬಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿನ ರಂಗ ನಿಯಂತ್ರಣವು ಕನ್ನಡ ನಾಡಿನ ಇತಿಹಾಸಕ್ಕೂ ಸೇರಿದ್ದು.

ಈ ನಿಷೇಧದೊಳಗೊಂದು ವೈರುಧ್ಯವಿದೆ. ನಾಟಕವನ್ನು ತಡೆಯಬೇಕಾದರೆ ಕೀಚಕನಿಗೂ ವೈಸರಾಯರಿಗೂ ಹೋಲಿಕೆಯುಂಟೆಂದು ಸರ್ಕಾರವೇ ಒಪ್ಪಬೇಕಾಗಿತ್ತು. ಹೀಗೆ ಪ್ರೇಕ್ಷಕರು ಗ್ರಹಿಸಿದ ಧ್ವನ್ಯರ್ಥಕ್ಕೆ ನಿಷೇಧಾಜ್ಞೆಯೇ ಅಧಿಕೃತ ಮುದ್ರೆಯೊತ್ತಿತು.

ಪರಕೀಯ ಆಳ್ವಿಕೆಯೊಡನೆ ಈ ಕಾಯಿದೆ ಕೊನೆಗೊಳ್ಳಲಿಲ್ಲ. 1956ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಅದನ್ನು ಸಂವಿಧಾನಬಾಹಿರವೆಂದು ಸಾರಿತು. ಆದರೂ 1964ರಲ್ಲಿ ಆಗಿನ ಮೈಸೂರು ರಾಜ್ಯವು ನಾಟಕ ಪ್ರದರ್ಶನಗಳಿಗೆ ತನ್ನದೇ ಕಾಯಿದೆಯನ್ನು ರೂಪಿಸಿತು. 1876ರ ಕಾಯಿದೆ ಕೇಂದ್ರದ ಶಾಸನಗ್ರಂಥದಿಂದ ತೆರವಾದದ್ದು 2018ರ ಜನವರಿಯಲ್ಲಿ. ಒಂದು ಪ್ರಹಸನದ ಮುಜುಗರದಿಂದ ಹುಟ್ಟಿದ ಕಾನೂನು ಹೀಗೆ 141 ವರ್ಷ ಬಾಳಿತು. ಆಳುವವರು ಬದಲಾದರೂ ಆಳ್ವಿಕೆಯ ಅಸ್ತ್ರಗಳು ಕೈಯಿಂದ ಕೈಗೆ ಸಾಗುತ್ತವೆಂಬುದನ್ನು ಈ ದೀರ್ಘಾಯುಷ್ಯ ತೋರಿಸುತ್ತದೆ.